ಪರವಾನಗಿ, ಮಾನ್ಯತೆ, ಶ್ರೇಣಿ: ಶಿಶುಪಾಲನಾ ಕೇಂದ್ರದ ಗೋಡೆಯ ಮೇಲಿನ ಪತ್ರಗಳನ್ನು ಓದುವ ಬಗೆ

ಮಗುವನ್ನು ಸೇರಿಸಲೆಂದು ಮೂರು ಶಿಶುಪಾಲನಾ ಕೇಂದ್ರಗಳನ್ನು ನೋಡಿಬಂದ ತಂದೆತಾಯಿ ಅನೇಕ ವೇಳೆ ಮೂರು ಬಗೆಯ ಪತ್ರಗಳನ್ನೂ ನೋಡಿಬಂದಿರುತ್ತಾರೆ. ಒಂದರ ಬಾಗಿಲ ಬಳಿ ಸರ್ಕಾರಿ ಪರವಾನಗಿಯ ಸಂಖ್ಯೆ ಇರುತ್ತದೆ, ಇನ್ನೊಂದರ ಮುಂಗೋಣೆಯಲ್ಲಿ ವೃತ್ತಿಪರ ಸಂಘವೊಂದು ಕೊಟ್ಟ ಮಾನ್ಯತಾ ಪತ್ರ ತೂಗುತ್ತಿರುತ್ತದೆ, ಮತ್ತೊಂದರ ಗೋಡೆಯ ಮೇಲೆ ನಕ್ಷತ್ರಗಳೋ ‘ಗುಣಮಟ್ಟ ಮೀರಿದೆ’ ಎಂಬಂಥ ಒಂದು ಶ್ರೇಣಿಯೋ ಕಾಣುತ್ತದೆ. ಮನೆಗೆ ಬಂದು ಹೋಲಿಸಲು ಕುಳಿತಾಗ ಇವು ಒಂದೇ ಏಣಿಯ ಮೂರು ಮೆಟ್ಟಿಲುಗಳೆಂದು ಭಾವಿಸುವುದು ಸಹಜ. ಆದರೆ ಪರವಾನಗಿ, ಮಾನ್ಯತೆ ಮತ್ತು ಶ್ರೇಣಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ದೊರೆತ ಉತ್ತರಗಳಾಗಿರುವುದರಿಂದ ಅವುಗಳನ್ನು ಅಂಕಪಟ್ಟಿಯಂತೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ಯಾವ ಪತ್ರವೇ ಆಗಲಿ, ಅದನ್ನು ಕೊಟ್ಟವರು ಯಾರು, ಯಾವಾಗ ಕೊಟ್ಟರು, ಏನನ್ನು ನೋಡಿ ಕೊಟ್ಟರು ಎಂಬ ಮೂರನ್ನು ಕೇಳಿಕೊಂಡ ಮೇಲೆಯೇ ಅದರ ತೂಕ ಗೊತ್ತಾಗುತ್ತದೆ. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಪತ್ರದ ಮೇಲೆಯೇ ಅಚ್ಚಾಗಿರುತ್ತದೆ. ಮೂರನೆಯದಕ್ಕೆ ಉತ್ತರ ಹುಡುಕಬೇಕಾಗುತ್ತದೆ, ಮತ್ತು ಮಗುವಿನ ದಿನ ಹೇಗಿರುತ್ತದೆ ಎಂಬುದು ಬಹುಪಾಲು ಆ ಉತ್ತರದಲ್ಲೇ ಅಡಗಿರುತ್ತದೆ.

ಪರವಾನಗಿ ಹೇಳುವುದು ಎಷ್ಟು

ಪರವಾನಗಿಯೆಂದರೆ ಬಾಗಿಲು ತೆರೆಯಲು ಕಾನೂನು ಕೊಟ್ಟ ಅನುಮತಿ. ಇದಕ್ಕಿಂತ ಕೆಳಗಿಳಿದರೆ ಕೇಂದ್ರ ನಡೆಸುವಂತಿಲ್ಲ ಎಂಬ ಗೆರೆಯನ್ನು ಅದು ಎಳೆಯುತ್ತದೆ. ಆ ಗೆರೆ ಬಹುತೇಕ ಅಳೆಯಲು, ಎಣಿಸಲು ಬರುವ ಸಂಗತಿಗಳಿಂದ ಕೂಡಿರುತ್ತದೆ: ಒಬ್ಬ ಸಿಬ್ಬಂದಿಗೆ ಎಷ್ಟು ಮಕ್ಕಳು, ಒಂದು ಮಗುವಿಗೆ ಎಷ್ಟು ಜಾಗ, ಸಿಬ್ಬಂದಿಯ ವಿದ್ಯಾರ್ಹತೆ ಏನು, ಅವರ ಹಿನ್ನೆಲೆ ಪರಿಶೀಲನೆ ನಡೆದಿದೆಯೇ, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಯಾವುದು. ಆಸ್ಟ್ರೇಲಿಯಾದ ರಾಷ್ಟ್ರೀಯ ನಿಯಮಗಳ ಪ್ರಕಾರ ಪ್ರತಿ ಮಗುವಿಗೆ ಒಳಾಂಗಣದಲ್ಲಿ ಕನಿಷ್ಠ 3.25 ಚದರ ಮೀಟರ್, ಹೊರಾಂಗಣದಲ್ಲಿ ಕನಿಷ್ಠ 7 ಚದರ ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕು. ಓಡಾಡುವ ದಾರಿ, ಶೌಚಾಲಯ, ಸಾಮಾನು ಇಡುವ ಕೋಣೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಎರಡು ವರ್ಷದೊಳಗಿನ 4 ಮಕ್ಕಳಿಗೆ ಒಬ್ಬ ಸಿಬ್ಬಂದಿ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ಅದೇ ವಯಸ್ಸಿನ 3 ಮಕ್ಕಳಿಗೆ ಒಬ್ಬರಿರಬೇಕು.

ಹೀಗೆ ಒಂದು ದೇಶದಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು ಎಂದಿರುವುದನ್ನು ಕಂಡಾಗಲೇ ಒಂದು ವಿಷಯ ತಿಳಿಯುತ್ತದೆ. ಈ ಸಂಖ್ಯೆಗಳು ಕೇವಲ ಶಿಶುವಿಜ್ಞಾನದಿಂದ ಹುಟ್ಟಿದವಲ್ಲ, ಅವುಗಳ ಹಿಂದೆ ಖಜಾನೆಯ ಲೆಕ್ಕಾಚಾರವೂ ಇರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ಎರಡು ವರ್ಷದ ಮಕ್ಕಳ ಅನುಪಾತವನ್ನು ನಾಲ್ಕಕ್ಕೆ ಒಬ್ಬರಿದ್ದದ್ದನ್ನು ಐದಕ್ಕೆ ಒಬ್ಬರು ಎಂದು ಸಡಿಲಿಸಿತು. ಎರಡು ವರ್ಷದ ಮಕ್ಕಳ ಅಗತ್ಯಗಳು ಆ ತಿಂಗಳಲ್ಲಿ ಬದಲಾಗಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಕನಿಷ್ಠ ಮಿತಿಯನ್ನು ಪಾಲಿಸುತ್ತೇವೆ ಎಂದು ಹೇಳುವ ಕೇಂದ್ರಕ್ಕೂ, ಮಿತಿ ಸಡಿಲವಾದ ನಂತರವೂ ಹಳೆಯ ಅನುಪಾತವನ್ನೇ ಉಳಿಸಿಕೊಂಡ ಕೇಂದ್ರಕ್ಕೂ ಪರವಾನಗಿ ಒಂದೇ ಆದರೂ ಗುಣ ಒಂದೇ ಅಲ್ಲ.

ಅನುಪಾತದ ವಿಷಯದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ, ಅದನ್ನು ಪೋಷಕರು ಅಪರೂಪಕ್ಕೆ ಕೇಳುತ್ತಾರೆ. ಅನುಪಾತವನ್ನು ಕೊಠಡಿಗೆ ಕೊಠಡಿಯಾಗಿ ಲೆಕ್ಕ ಹಾಕುತ್ತಾರೆಯೇ, ಇಲ್ಲವೇ ಇಡೀ ಕಟ್ಟಡದ ಮಕ್ಕಳನ್ನೂ ಇಡೀ ಕಟ್ಟಡದ ಸಿಬ್ಬಂದಿಯನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕುತ್ತಾರೆಯೇ? ಎರಡನೆಯ ಪದ್ಧತಿಯಲ್ಲಿ ಕಾಗದದ ಮೇಲಿನ ಲೆಕ್ಕ ಸರಿಯಾಗಿಯೇ ಇದ್ದು, ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಂದು ಕೊಠಡಿಯಲ್ಲಿ ಮಕ್ಕಳು ಕಿಕ್ಕಿರಿದು, ಪಕ್ಕದ ಕೊಠಡಿಯಲ್ಲಿ ಇಬ್ಬರು ಸಿಬ್ಬಂದಿ ಬಿಡುವಾಗಿರುವುದು ಸಾಧ್ಯ. ಊಟದ ವಿರಾಮದಲ್ಲಿ ಒಬ್ಬರು ಹೊರಗೆ ಹೋದಾಗ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿದರೆ ಈ ಲೆಕ್ಕದ ನಿಜರೂಪ ತಾನಾಗಿ ಹೊರಬೀಳುತ್ತದೆ.

ಪರವಾನಗಿ ಇಲ್ಲದ ಕೇಂದ್ರವನ್ನು ಹೋಲಿಕೆಯ ಪಟ್ಟಿಯಿಂದಲೇ ತೆಗೆದುಹಾಕಬೇಕು. ಪರವಾನಗಿ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಕೇಂದ್ರಕ್ಕೂ ಹೆಚ್ಚುವರಿ ಅಂಕ ಕೊಡಬೇಕಾಗಿಲ್ಲ.

ಮಾನ್ಯತೆ: ಕೇಂದ್ರ ತಾನಾಗಿ ಕೇಳಿ ಪಡೆದ ಪರೀಕ್ಷೆ

ಮಾನ್ಯತೆಯ ಮೂಲ ಕಲ್ಪನೆ ಬೇರೆ. ಸರ್ಕಾರ ಎಳೆದ ಗೆರೆಗಿಂತ ಮೇಲಿನ ಮಟ್ಟವೊಂದನ್ನು ವೃತ್ತಿಯವರೇ ನಿಗದಿಪಡಿಸಿ, ಅದನ್ನು ತಲುಪಿದ್ದೇವೆಂದು ತೋರಿಸಲು ಮುಂದೆ ಬಂದ ಕೇಂದ್ರಗಳನ್ನು ಪರೀಕ್ಷಿಸಿ ಮನ್ನಣೆ ಕೊಡುವುದು ಇದರ ಕ್ರಮ. ಅಮೆರಿಕದಲ್ಲಿ ಎಳೆಯ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘವು 1985ರಲ್ಲಿ ಇಂಥ ವ್ಯವಸ್ಥೆಯನ್ನು ಆರಂಭಿಸಿತು. ಎನ್‌ಎಇವೈಸಿ ಎಂಬ ಮೊದಲಕ್ಷರಗಳಿಂದಲೇ ಪರಿಚಿತವಾಗಿರುವ ಈ ಸಂಘದ ಮಾನದಂಡಗಳು ಹತ್ತು. ಬಾಂಧವ್ಯ, ಪಠ್ಯಕ್ರಮ, ಬೋಧನೆ, ಮಗುವಿನ ಪ್ರಗತಿಯ ಮೌಲ್ಯಮಾಪನ, ಆರೋಗ್ಯ, ಸಿಬ್ಬಂದಿಯ ಸಾಮರ್ಥ್ಯ, ಕುಟುಂಬಗಳು, ಸಮುದಾಯ, ಭೌತಿಕ ಪರಿಸರ, ಆಡಳಿತ ಎಂಬ ಈ ಪಟ್ಟಿಯಲ್ಲಿ ಬಾಂಧವ್ಯ ಮೊದಲು ಬರುತ್ತದೆ. ಪರವಾನಗಿಯ ನಿಯಮಗಳಲ್ಲಿ ಆ ಪದ ಹುಡುಕಿದರೂ ಸಿಗುವುದು ಕಷ್ಟ.

ಮಾನ್ಯತೆಯ ನಿಜವಾದ ಪ್ರಯೋಜನ ಗೋಡೆಗೆ ತೂಗುಹಾಕುವ ಪತ್ರಕ್ಕಿಂತ ಅದಕ್ಕೆ ಮೊದಲು ನಡೆಯುವ ಸ್ವಯಂ ಅಧ್ಯಯನದಲ್ಲಿದೆ ಎಂದು ನನ್ನ ಅಭಿಪ್ರಾಯ. ಪರೀಕ್ಷಕರು ಬರುವ ಮುನ್ನ ಸಿಬ್ಬಂದಿಯೆಲ್ಲ ಕುಳಿತು ತಮ್ಮದೇ ಕೆಲಸವನ್ನು ಮಾನದಂಡದ ಒಂದೊಂದು ಸಾಲಿಗೂ ಹೋಲಿಸಿ ನೋಡಬೇಕಾಗುತ್ತದೆ. ಒಳ್ಳೆಯ ಕೇಂದ್ರದಲ್ಲಿ ಈ ಅಧ್ಯಯನ ತಿಂಗಳುಗಟ್ಟಲೆ ನಡೆದು, ಶಿಶು ಕೊಠಡಿಯ ಕಿರಿಯ ಸಹಾಯಕಿಗೂ ಅದರ ಬಗ್ಗೆ ಏನಾದರೊಂದು ಹೇಳಲು ಬರುತ್ತದೆ. ಸಾಧಾರಣ ಕೇಂದ್ರದಲ್ಲಿ ನಿರ್ದೇಶಕರೊಬ್ಬರೇ ರಾತ್ರಿ ಕುಳಿತು ಕಡತ ತುಂಬಿರುತ್ತಾರೆ. ಹಾಗಾಗಿ ಮಾನ್ಯತೆ ಪಡೆದ ಕೇಂದ್ರಕ್ಕೆ ಭೇಟಿ ಕೊಟ್ಟಾಗ ಪತ್ರದ ಬಗ್ಗೆ ನಿರ್ದೇಶಕರನ್ನು ಕೇಳುವ ಬದಲು, ಮಾನ್ಯತೆಗಾಗಿ ನೀವು ಏನನ್ನು ಬದಲಾಯಿಸಿಕೊಂಡಿರಿ ಎಂದು ಕೊಠಡಿಯಲ್ಲಿ ಮಕ್ಕಳ ಜೊತೆ ಇರುವವರನ್ನು ಕೇಳಿದರೆ ಉತ್ತರಕ್ಕೆ ಬೆಲೆಯಿರುತ್ತದೆ.

ಸ್ವಯಂಪ್ರೇರಿತ ಮಾನ್ಯತೆಗೆ ಒಂದು ಮಿತಿಯಿದೆ. ಶುಲ್ಕ ಕಟ್ಟಲು, ಕಡತ ತಯಾರಿಸಲು, ಸಿಬ್ಬಂದಿಗೆ ಸಮಯ ಬಿಡಿಸಿಕೊಡಲು ಶಕ್ತಿಯಿರುವ ಕೇಂದ್ರಗಳೇ ಹೆಚ್ಚಾಗಿ ಮುಂದೆ ಬರುವುದರಿಂದ, ಮಾನ್ಯತೆ ಇಲ್ಲದ ಸಣ್ಣ ಕೇಂದ್ರವೊಂದು ಕಳಪೆಯೆಂದು ತೀರ್ಮಾನಿಸುವುದು ಅನ್ಯಾಯವಾಗುತ್ತದೆ. ಈ ಮಿತಿಯನ್ನು ದಾಟಲು ಆಸ್ಟ್ರೇಲಿಯಾ ಬೇರೊಂದು ದಾರಿ ಹಿಡಿಯಿತು. 1993ರಲ್ಲಿ ರಾಷ್ಟ್ರೀಯ ಶಿಶುಪಾಲನಾ ಮಾನ್ಯತಾ ಮಂಡಳಿಯನ್ನು ಸ್ಥಾಪಿಸಿ, 1994ರಿಂದ ಪೂರ್ಣದಿನದ ಪಾಲನಾ ಕೇಂದ್ರಗಳಿಗೆ ಗುಣಮಟ್ಟ ಸುಧಾರಣೆ ಮತ್ತು ಮಾನ್ಯತೆಯ ವ್ಯವಸ್ಥೆಯನ್ನು ಜಾರಿಗೆ ತಂದು, ಪೋಷಕರಿಗೆ ಸರ್ಕಾರ ಕೊಡುವ ಶುಲ್ಕ ಸಹಾಯವನ್ನು ಕೇಂದ್ರವು ಆ ವ್ಯವಸ್ಥೆಯಲ್ಲಿ ಪಾಲ್ಗೊಳ್ಳುವುದಕ್ಕೆ ಜೋಡಿಸಿತು. ಸಹಾಯಧನವಿಲ್ಲದೆ ಮಕ್ಕಳು ಬರುವುದು ಕಷ್ಟವಾದ್ದರಿಂದ, ಹೆಸರಿಗೆ ಕಡ್ಡಾಯವಲ್ಲದ ಮಾನ್ಯತೆ ಬಳಕೆಯಲ್ಲಿ ಕಡ್ಡಾಯವೇ ಆಯಿತು. ಹಣದ ಜೊತೆ ಜೋಡಿಸಿದ ಮಾನ್ಯತೆಗೂ ಕೇಂದ್ರವೇ ಇಷ್ಟಪಟ್ಟು ಪಡೆದ ಮಾನ್ಯತೆಗೂ ಇರುವ ವ್ಯತ್ಯಾಸ ಇಲ್ಲಿದೆ: ಮೊದಲನೆಯದು ಎಲ್ಲರನ್ನೂ ಒಳಗೊಳ್ಳುತ್ತದೆ, ಆದರೆ ಬಹುತೇಕರು ತೇರ್ಗಡೆಯಾಗುವುದರಿಂದ ಒಳ್ಳೆಯದನ್ನೂ ಸಾಧಾರಣವನ್ನೂ ಬೇರ್ಪಡಿಸಿ ತೋರಿಸುವುದಿಲ್ಲ, ಎರಡನೆಯದು ಬೇರ್ಪಡಿಸಿ ತೋರಿಸುತ್ತದೆ, ಆದರೆ ತನ್ನ ಬಳಿಗೆ ಬಂದವರ ಬಗ್ಗೆ ಮಾತ್ರ.

ಶ್ರೇಣಿಯ ಲೆಕ್ಕ: ಒಂದು ಪದದ ಹಿಂದೆ ಇರುವುದು

ತೇರ್ಗಡೆ ಮತ್ತು ಅನುತ್ತೀರ್ಣ ಎಂಬ ಎರಡೇ ಫಲಿತಾಂಶ ಸಾಲದೆಂದು ಕಂಡಾಗ ಶ್ರೇಣಿಗಳು ಬಂದವು. ಅಮೆರಿಕದ ಓಕ್ಲಹೋಮ ರಾಜ್ಯ 1998ರಲ್ಲಿ ನಕ್ಷತ್ರಗಳ ಪದ್ಧತಿಯನ್ನು ಆರಂಭಿಸಿ, ಹೆಚ್ಚು ನಕ್ಷತ್ರ ಪಡೆದ ಕೇಂದ್ರಕ್ಕೆ ಸರ್ಕಾರದಿಂದ ಹೆಚ್ಚಿನ ದರದ ಪಾವತಿ ಎಂಬ ನಿಯಮ ಮಾಡಿತು. ಅನಂತರ ಹಲವು ರಾಜ್ಯಗಳು ಇದೇ ಜಾಡು ಹಿಡಿದವು. ಆಸ್ಟ್ರೇಲಿಯಾದಲ್ಲಿ 2012ರ ಜನವರಿ 1ರಂದು ರಾಷ್ಟ್ರೀಯ ಗುಣಮಟ್ಟ ಚೌಕಟ್ಟು ಜಾರಿಗೆ ಬಂದು, ಹಳೆಯ ಮಾನ್ಯತಾ ಮಂಡಳಿಯ ಬದಲು ಎಸಿಇಸಿಕ್ಯೂಎ ಎಂಬ ರಾಷ್ಟ್ರೀಯ ಪ್ರಾಧಿಕಾರ ಬಂತು. ಕೇಂದ್ರಗಳಿಗೆ ಭೇಟಿ ಕೊಟ್ಟು ಶ್ರೇಣಿ ನೀಡುವ ಕೆಲಸ ಆಯಾ ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ ಸೇರಿತು. ಅಲ್ಲಿ ಏಳು ಗುಣಮಟ್ಟ ಕ್ಷೇತ್ರಗಳಿವೆ: ಶೈಕ್ಷಣಿಕ ಕಾರ್ಯಕ್ರಮ, ಮಕ್ಕಳ ಆರೋಗ್ಯ ಮತ್ತು ಸುರಕ್ಷತೆ, ಭೌತಿಕ ಪರಿಸರ, ಸಿಬ್ಬಂದಿ ವ್ಯವಸ್ಥೆ, ಮಕ್ಕಳೊಂದಿಗಿನ ಬಾಂಧವ್ಯ, ಕುಟುಂಬ ಮತ್ತು ಸಮುದಾಯದೊಂದಿಗಿನ ಸಹಭಾಗಿತ್ವ, ಆಡಳಿತ ಮತ್ತು ನಾಯಕತ್ವ. 2018ರ ಪರಿಷ್ಕರಣೆಯ ನಂತರ ಇವುಗಳ ಅಡಿಯಲ್ಲಿ 15 ಮಾನದಂಡಗಳೂ 40 ಅಂಶಗಳೂ ಇವೆ.

ಈಗ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ನಲವತ್ತು ಅಂಶಗಳಲ್ಲಿ ಒಂದು ತಪ್ಪಿದರೆ ಅದು ಸೇರಿದ ಮಾನದಂಡ ‘ಗುಣಮಟ್ಟದತ್ತ ಸಾಗುತ್ತಿದೆ’ (ಅಂದರೆ ‘ಗುಣಮಟ್ಟ ತಲುಪಿದೆ’ ಎಂಬುದಕ್ಕಿಂತ ಒಂದು ಹಂತ ಕೆಳಗೆ) ಎಂದಾಗುತ್ತದೆ, ಆ ಮಾನದಂಡ ಸೇರಿದ ಕ್ಷೇತ್ರವೂ ಹಾಗೆಯೇ ಆಗುತ್ತದೆ, ಒಂದು ಕ್ಷೇತ್ರ ಹಾಗಾದರೆ ಕೇಂದ್ರದ ಒಟ್ಟು ಶ್ರೇಣಿಯೂ ‘ಗುಣಮಟ್ಟದತ್ತ ಸಾಗುತ್ತಿದೆ’ ಎಂದೇ ಪ್ರಕಟವಾಗುತ್ತದೆ. ಉದಾಹರಣೆಗೆ ಎರಡು ಕೇಂದ್ರಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು ಆರು ಕ್ಷೇತ್ರಗಳಲ್ಲಿ ಚೆನ್ನಾಗಿ ನಡೆದು, ತುರ್ತು ತೆರವಿನ ಅಭ್ಯಾಸಗಳ ಯೋಜನೆ ಮತ್ತು ದಾಖಲೆ ಸರಿಯಿಲ್ಲದ ಕಾರಣ ಸುರಕ್ಷತೆಯ ಒಂದು ಅಂಶದಲ್ಲಿ ಎಡವಿದೆ. ಎರಡನೆಯದು ಬಾಂಧವ್ಯ, ಶೈಕ್ಷಣಿಕ ಕಾರ್ಯಕ್ರಮ, ಸಿಬ್ಬಂದಿ, ನಾಯಕತ್ವ ನಾಲ್ಕರಲ್ಲೂ ಹಿಂದುಳಿದಿದೆ. ಗೋಡೆಯ ಮೇಲಿನ ಪತ್ರದಲ್ಲಿ ಇಬ್ಬರಿಗೂ ಒಂದೇ ಒಟ್ಟು ಶ್ರೇಣಿ ಕಾಣುತ್ತದೆ. ಮೊದಲನೆಯ ಕೇಂದ್ರದ ಕೊರತೆಯನ್ನು ಒಂದು ತಿಂಗಳಲ್ಲಿ ಸರಿಪಡಿಸಬಹುದು. ಎರಡನೆಯದನ್ನು ಸರಿಪಡಿಸಲು ಜನರೂ ಅಭ್ಯಾಸಗಳೂ ಬದಲಾಗಬೇಕು. ಒಟ್ಟು ಶ್ರೇಣಿಯ ಕೆಳಗೆ ಏಳು ಕ್ಷೇತ್ರಗಳ ಪ್ರತ್ಯೇಕ ಶ್ರೇಣಿಗಳೂ ಅದೇ ಪತ್ರದಲ್ಲಿ ಅಚ್ಚಾಗಿರುತ್ತವೆ, ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲೂ ಸಿಗುತ್ತವೆ. ಓದುವವರು ಕಡಿಮೆ, ಅಷ್ಟೇ.

ಮೇಲಿನ ತುದಿಯ ಲೆಕ್ಕವೂ ಗಮನಿಸುವಂಥದ್ದು. ‘ಗುಣಮಟ್ಟ ಮೀರಿದೆ’ ಎಂಬ ಒಟ್ಟು ಶ್ರೇಣಿಗೆ ಏಳರಲ್ಲಿ ಕನಿಷ್ಠ ನಾಲ್ಕು ಕ್ಷೇತ್ರಗಳು ಆ ಮಟ್ಟದಲ್ಲಿರಬೇಕು, ಆ ನಾಲ್ಕರಲ್ಲಿ ಕನಿಷ್ಠ ಎರಡಾದರೂ ಶೈಕ್ಷಣಿಕ ಕಾರ್ಯಕ್ರಮ, ಬಾಂಧವ್ಯ, ಸಹಭಾಗಿತ್ವ, ನಾಯಕತ್ವ ಎಂಬ ಗುಂಪಿಗೆ ಸೇರಿರಬೇಕು. ಒಳ್ಳೆಯ ಕಟ್ಟಡ ಮತ್ತು ಅಚ್ಚುಕಟ್ಟಾದ ಕಡತಗಳ ಬಲದಿಂದ ಮಾತ್ರ ಮೇಲೇರಲು ಬಾರದಂತೆ ಮಾಡಿದ ಈ ಏರ್ಪಾಡು ಜಾಣತನದ್ದು. ಹಾಗಿದ್ದರೂ ಕಾರ್ಯಕ್ರಮ ಮತ್ತು ನಾಯಕತ್ವದಲ್ಲಿ ಮೀರಿ, ಬಾಂಧವ್ಯದಲ್ಲಿ ‘ತಲುಪಿದೆ’ ಎಂಬ ಮಟ್ಟದಲ್ಲಷ್ಟೇ ನಿಂತ ಕೇಂದ್ರವೂ ಅದೇ ಶ್ರೇಣಿ ಪಡೆಯಬಹುದು. ಇದಕ್ಕೂ ಮೇಲಿನ ‘ಅತ್ಯುತ್ತಮ’ ಶ್ರೇಣಿಗೆ ಎಲ್ಲ ಏಳು ಕ್ಷೇತ್ರಗಳಲ್ಲೂ ಮೀರಿದ ಕೇಂದ್ರಗಳು ರಾಷ್ಟ್ರೀಯ ಪ್ರಾಧಿಕಾರಕ್ಕೆ ತಾವಾಗಿ ಅರ್ಜಿ ಹಾಕಬೇಕು. ಆದ್ದರಿಂದ ಆ ಶ್ರೇಣಿ ಇಲ್ಲದಿರುವುದು ಕೊರತೆಯ ಗುರುತಲ್ಲ, ಅರ್ಜಿ ಹಾಕದಿರುವುದರ ಗುರುತೂ ಆಗಿರಬಹುದು. ಎಲ್ಲಕ್ಕಿಂತ ಕೆಳಗಿನ ‘ಗಣನೀಯ ಸುಧಾರಣೆ ಅಗತ್ಯ’ ಎಂಬುದು ಮಾತ್ರ ಬೇರೆಯೇ ಮಾತು. ಮಕ್ಕಳ ಸುರಕ್ಷತೆ, ಆರೋಗ್ಯ ಅಥವಾ ಕ್ಷೇಮಕ್ಕೆ ಗಂಭೀರ ಅಪಾಯ ಕಂಡಾಗ ಕೊಡುವ ಶ್ರೇಣಿ ಅದು, ಅಲ್ಲಿ ವಿವರ ಓದುತ್ತ ಕೂರುವ ಅಗತ್ಯವಿಲ್ಲ.

ನಕ್ಷತ್ರ ಕೊಡುವ ಅಮೆರಿಕದ ರಾಜ್ಯಗಳಲ್ಲಿ ಎರಡು ಬಗೆಯ ಲೆಕ್ಕಗಳಿವೆ. ಕೆಲವು ಕಡೆ ಒಂದು ಹಂತದ ಎಲ್ಲ ಅಂಶಗಳನ್ನೂ ಪೂರೈಸಿದ ಮೇಲೆಯೇ ಮುಂದಿನ ಹಂತ. ಇನ್ನು ಕೆಲವು ಕಡೆ ಅಂಶಕ್ಕೆ ಇಷ್ಟು ಅಂಕವೆಂದು ಕೂಡಿಸಿ ಒಟ್ಟು ಮೊತ್ತಕ್ಕೆ ತಕ್ಕ ನಕ್ಷತ್ರ. ಮೊದಲ ಲೆಕ್ಕದಲ್ಲಿ ಒಂದು ಸಣ್ಣ ಕೊರತೆ ಒಳ್ಳೆಯ ಕೇಂದ್ರವನ್ನೂ ಕೆಳಗೆ ಹಿಡಿದಿಡುತ್ತದೆ. ಎರಡನೆಯದರಲ್ಲಿ ದೊಡ್ಡ ಕೊರತೆಯೊಂದು ಬೇರೆ ಕಡೆ ಗಳಿಸಿದ ಅಂಕಗಳ ಹಿಂದೆ ಅಡಗಿಕೊಳ್ಳುತ್ತದೆ. ಹಾಗಾಗಿ ಮೊದಲ ಬಗೆಯ ಕಡೆ ಕಡಿಮೆ ನಕ್ಷತ್ರ ಕಂಡರೆ ಕಾರಣ ಹುಡುಕಬೇಕು, ಎರಡನೆಯ ಬಗೆಯ ಕಡೆ ಹೆಚ್ಚು ನಕ್ಷತ್ರ ಕಂಡರೂ ಕಾರಣ ಹುಡುಕಬೇಕು.

ಇಂಗ್ಲೆಂಡಿನಲ್ಲಿ 2001ರಿಂದ ಶಿಶುಪಾಲನೆಯ ತಪಾಸಣೆ ನಡೆಸುತ್ತಿರುವ ಆಫ್‌ಸ್ಟೆಡ್ ಸಂಸ್ಥೆ ದೀರ್ಘಕಾಲ ‘ಶ್ರೇಷ್ಠ’, ‘ಉತ್ತಮ’, ‘ಸುಧಾರಣೆ ಬೇಕು’, ‘ಅಸಮರ್ಪಕ’ ಎಂಬ ನಾಲ್ಕರಲ್ಲಿ ಒಂದನ್ನು ಒಟ್ಟು ತೀರ್ಪಾಗಿ ಕೊಡುತ್ತಿತ್ತು. ಒಂದೇ ಪದದಲ್ಲಿ ಇಡೀ ಸಂಸ್ಥೆಯನ್ನು ಅಳೆಯುವುದರ ವಿರುದ್ಧ ದೊಡ್ಡ ಚರ್ಚೆಯೇ ನಡೆದ ಮೇಲೆ, 2025ರ ನವೆಂಬರ್‌ನಿಂದ ಕ್ಷೇತ್ರವಾರು ಐದು ಹಂತಗಳಲ್ಲಿ ಮೌಲ್ಯಮಾಪನ ತೋರಿಸುವ ವರದಿಪತ್ರಗಳು ಬಂದಿವೆ. ಮಕ್ಕಳ ರಕ್ಷಣೆಯ ವಿಷಯದಲ್ಲಿ ಮಾತ್ರ ‘ಪೂರೈಸಿದೆ’ ಅಥವಾ ‘ಪೂರೈಸಿಲ್ಲ’ ಎಂಬ ಎರಡೇ ಉತ್ತರ. ಅಲ್ಲಿ ಈಗ ಎರಡು ಕೇಂದ್ರಗಳನ್ನು ಹೋಲಿಸುವವರು ಹಳೆಯ ಬಗೆಯ ತೀರ್ಪನ್ನು ಹೊಸ ಬಗೆಯ ವರದಿಪತ್ರದೊಡನೆ ನೇರವಾಗಿ ತೂಗಬಾರದು, ಅವು ಬೇರೆ ಬೇರೆ ತಕ್ಕಡಿಗಳು.

ಏನನ್ನು ನೋಡಿ ಕೊಟ್ಟರು

ಶಿಶುಪಾಲನೆಯನ್ನು ಅಧ್ಯಯನ ಮಾಡುವವರು ಗುಣಮಟ್ಟವನ್ನು ಎರಡಾಗಿ ನೋಡುತ್ತಾರೆ. ಅನುಪಾತ, ವಿದ್ಯಾರ್ಹತೆ, ಜಾಗ, ಗುಂಪಿನ ಗಾತ್ರ ಮೊದಲಾದವು ರಚನೆಯ ಗುಣಮಟ್ಟ. ದೊಡ್ಡವರು ಮಗುವಿನೊಡನೆ ಹೇಗೆ ಮಾತಾಡುತ್ತಾರೆ, ಅಳುವಿಗೆ ಎಷ್ಟು ಬೇಗ ಓಗೊಡುತ್ತಾರೆ, ಮಗು ಕೇಳಿದ ಪ್ರಶ್ನೆಯನ್ನು ಮುಂದುವರಿಸುತ್ತಾರೆಯೇ ಮುಗಿಸಿಬಿಡುತ್ತಾರೆಯೇ ಎಂಬುದು ನಡೆಯ ಗುಣಮಟ್ಟ. ರಚನೆ ಚೆನ್ನಾಗಿದ್ದರೆ ನಡೆ ಚೆನ್ನಾಗಿರಲು ಅವಕಾಶ ಸಿಗುತ್ತದೆ, ಖಾತರಿ ಸಿಗುವುದಿಲ್ಲ. ಮಗುವಿಗೆ ನೇರವಾಗಿ ತಟ್ಟುವುದು ಎರಡನೆಯದು.

ಡೈಪರ್ ಬದಲಿಸುವ ಮೇಜಿನ ಮುಂದೆ ಹತ್ತು ನಿಮಿಷ ನಿಂತರೆ ಇದು ಕಣ್ಣಿಗೆ ಕಾಣುತ್ತದೆ. ಒಬ್ಬ ಪಾಲಕಿ ಕೈಗವಸು ಹಾಕಿಕೊಂಡು, ಹಳೆಯದನ್ನು ಸರಿಯಾದ ಡಬ್ಬಿಗೆ ಹಾಕಿ, ಮೇಜನ್ನು ಒರೆಸಿ, ತನ್ನ ಕೈಯನ್ನೂ ಮಗುವಿನ ಕೈಯನ್ನೂ ತೊಳೆದು, ಗೋಡೆಯ ಮೇಲಿನ ಸೂಚನೆಯಲ್ಲಿರುವುದನ್ನೆಲ್ಲ ಒಂದೂ ಬಿಡದೆ ಮಾಡುತ್ತಾಳೆ, ಆದರೆ ಆ ಇಡೀ ಹೊತ್ತು ಆಕೆಯ ಮಾತು ಪಕ್ಕದಲ್ಲಿರುವ ಸಹೋದ್ಯೋಗಿಯ ಜೊತೆ. ಇನ್ನೊಬ್ಬಳು ಅದೇ ಕ್ರಮವನ್ನು ಪಾಲಿಸುತ್ತಲೇ ‘ಈಗ ಕಾಲೆತ್ತೋಣವಾ? ತಣ್ಣಗಾಯ್ತಾ?’ ಎಂದು ಕೇಳಿ, ಮಗು ಕಾಲು ಎತ್ತುವವರೆಗೆ ಒಂದು ಕ್ಷಣ ಕಾಯುತ್ತಾಳೆ. ಪರವಾನಗಿಯ ತಪಾಸಣೆಯಲ್ಲಿ ಇಬ್ಬರಿಗೂ ಪೂರ್ಣ ಅಂಕ. ದಿನಕ್ಕೆ ಐದಾರು ಸಲ ಡೈಪರ್ ಬದಲಿಸಿಕೊಳ್ಳುವ ಮಗುವಿಗೆ ಇವರಿಬ್ಬರೂ ಒಂದೇ ಅಲ್ಲ.

ಈ ವ್ಯತ್ಯಾಸವನ್ನು ಹಿಡಿಯಲೆಂದೇ ಕೆಲವು ಅಳತೆಗೋಲುಗಳು ಹುಟ್ಟಿಕೊಂಡವು. ಅಮೆರಿಕದಲ್ಲಿ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಪ್ರಕಟಿಸಿದ ಎಕರ್ಸ್ ಎಂಬ ಮಾಪಕದಲ್ಲಿ ಪ್ರತಿ ಅಂಶಕ್ಕೂ 1ರಿಂದ 7ರವರೆಗೆ ಅಂಕಗಳಿವೆ: 1 ಎಂದರೆ ಸಾಲದು, 3 ಕನಿಷ್ಠ, 5 ಉತ್ತಮ, 7 ಅತ್ಯುತ್ತಮ. ತರಬೇತಾದ ವೀಕ್ಷಕರು ಕೊಠಡಿಯ ಮೂಲೆಯಲ್ಲಿ ಗಂಟೆಗಟ್ಟಲೆ ಕುಳಿತು, ಪರಿಕರಗಳು ಮಕ್ಕಳ ಕೈಗೆ ಎಟುಕುತ್ತವೆಯೇ, ಊಟದ ಹೊತ್ತಿನಲ್ಲಿ ಮಾತುಕತೆ ನಡೆಯುತ್ತದೆಯೇ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಎಳೆಯ ಶಿಶುಗಳ ಕೊಠಡಿಗೆ ಇದರದೇ ಬೇರೆ ಆವೃತ್ತಿಯಿದೆ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಪಿಯಾಂಟ ಮತ್ತು ಸಂಗಡಿಗರು ರೂಪಿಸಿದ ಕ್ಲಾಸ್ ಎಂಬ ಇನ್ನೊಂದು ಮಾಪಕ ಪೀಠೋಪಕರಣಗಳ ಗೊಡವೆಗೆ ಹೋಗದೆ ಭಾವನಾತ್ಮಕ ಆಸರೆ, ತರಗತಿಯ ನಿರ್ವಹಣೆ, ಕಲಿಕೆಗೆ ಒತ್ತಾಸೆ ಎಂಬ ಮೂರನ್ನಷ್ಟೇ ನೋಡುತ್ತದೆ. ಆಸ್ಟ್ರೇಲಿಯಾದ ಅಧಿಕಾರಿಗಳು ಗಮನಿಸುವುದು, ಚರ್ಚಿಸುವುದು, ದಾಖಲೆ ನೋಡುವುದು ಎಂಬ ಮೂರು ವಿಧಾನಗಳನ್ನು ಬೆರೆಸುತ್ತಾರೆ.

ಆದ್ದರಿಂದ ಯಾವುದೇ ಶ್ರೇಣಿ ಅಥವಾ ಮಾನ್ಯತೆಯ ಬಗ್ಗೆ ಕೇಳಬೇಕಾದದ್ದು ಇಷ್ಟು: ಪರೀಕ್ಷಕರು ಕೊಠಡಿಯಲ್ಲಿ ಕುಳಿತು ಮಕ್ಕಳ ಜೊತೆಗಿನ ಒಡನಾಟವನ್ನು ನೋಡಿದರೇ, ಎಷ್ಟು ಹೊತ್ತು ನೋಡಿದರು, ನನ್ನ ಮಗು ಸೇರಲಿರುವ ಕೊಠಡಿಯನ್ನು ನೋಡಿದರೇ? ಹಲವು ಕೊಠಡಿಗಳ ಕೇಂದ್ರದಲ್ಲಿ ಎಲ್ಲವನ್ನೂ ನೋಡದೆ ಕೆಲವನ್ನು ಮಾದರಿಯಾಗಿ ಆರಿಸಿಕೊಳ್ಳುವುದು ಇಂಥ ಮಾಪಕಗಳ ಬಳಕೆಯಲ್ಲಿ ಸಾಮಾನ್ಯ. ಕಡತ ನೋಡಿಯೇ ಕೊಟ್ಟ ಪತ್ರಕ್ಕಿಂತ ಕೊಠಡಿ ನೋಡಿ ಕೊಟ್ಟ ಶ್ರೇಣಿಯನ್ನು ನಾನು ಒಂದು ಹಂತ ಕಡಿಮೆಯಿದ್ದರೂ ಹೆಚ್ಚು ನಂಬುತ್ತೇನೆ.

ಇಲ್ಲಿ ಒಂದು ಪಕ್ಕದ ಮಾತು. 1991ರಲ್ಲಿ ಅಮೆರಿಕದ ಹತ್ತು ಸ್ಥಳಗಳಲ್ಲಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಲು ಆರಂಭಿಸಿದ ಸರ್ಕಾರಿ ಅಧ್ಯಯನವೊಂದರಲ್ಲಿ, ಒಳ್ಳೆಯ ಪಾಲನೆ ಪಡೆದ ಮಕ್ಕಳ ಭಾಷೆ ಮತ್ತು ಕಲಿಕೆ ಸ್ವಲ್ಪ ಮುಂದಿರುವುದು ಕಂಡುಬಂತು, ಆದರೆ ಕುಟುಂಬಕ್ಕೆ ಸಂಬಂಧಿಸಿದ ಅಂಶಗಳ ಪ್ರಭಾವ ಅದಕ್ಕಿಂತ ಹೆಚ್ಚಾಗಿತ್ತು. ಎರಡು ಪಕ್ಕದ ಶ್ರೇಣಿಗಳ ನಡುವೆ ಆರಿಸಲಾಗದೆ ನಿದ್ದೆಗೆಡುವ ತಂದೆತಾಯಿ ಇದನ್ನು ನೆನಪಿಟ್ಟುಕೊಂಡರೆ ಒಳಿತು.

ದಿನಾಂಕ ಮತ್ತು ಜನ

ಶ್ರೇಣಿ ಒಂದು ದಿನ ತೆಗೆದ ಭಾವಚಿತ್ರ. ಎರಡು ಕೇಂದ್ರಗಳ ಶ್ರೇಣಿಯನ್ನು ಹೋಲಿಸುವಾಗ ಒಂದರ ಚಿತ್ರ ಕಳೆದ ವರ್ಷದ್ದೂ ಇನ್ನೊಂದರದು ಐದಾರು ವರ್ಷ ಹಿಂದಿನದೂ ಆಗಿರಬಹುದು. ನಿಯಂತ್ರಣ ಪ್ರಾಧಿಕಾರಗಳು ಅಪಾಯ ಹೆಚ್ಚಿದೆ ಎನಿಸಿದ ಕಡೆ ಮೊದಲು ಹೋಗುವುದರಿಂದ, ಚೆನ್ನಾಗಿ ನಡೆಯುವ ಕೇಂದ್ರದ ಶ್ರೇಣಿಯೇ ಹಳೆಯದಾಗಿ ಉಳಿಯುವುದುಂಟು. ಹಾಗಾಗಿ ಹಳೆಯ ದಿನಾಂಕ ತಾನಾಗಿ ಕೆಟ್ಟ ಸುದ್ದಿಯಲ್ಲ. ಆದರೆ ಆ ದಿನದಿಂದ ಈವರೆಗೆ ಏನು ಬದಲಾಗಿದೆ ಎಂಬುದು ತಿಳಿಯಬೇಕು. ಮಾಲೀಕತ್ವ ಕೈ ಬದಲಿಸಿದೆಯೇ? ನಿರ್ದೇಶಕರು ಅವರೇ ಇದ್ದಾರೆಯೇ? ಅಂದು ಶಿಶು ಕೊಠಡಿಯಲ್ಲಿದ್ದವರಲ್ಲಿ ಇಂದು ಎಷ್ಟು ಮಂದಿ ಉಳಿದಿದ್ದಾರೆ? ಅವರೆಲ್ಲರೂ ಹೊರಟುಹೋಗಿದ್ದರೆ ಗೋಡೆಯ ಮೇಲಿರುವುದು ಈಗ ಅಲ್ಲಿಲ್ಲದವರ ಶ್ರೇಣಿ.

ಸಿಬ್ಬಂದಿ ಬಿಟ್ಟುಹೋಗುವ ಪ್ರಮಾಣವನ್ನು ಯಾವ ಪತ್ರವೂ ದಪ್ಪಕ್ಷರದಲ್ಲಿ ತೋರಿಸುವುದಿಲ್ಲ. ಆಸ್ಟ್ರೇಲಿಯಾದ ಚೌಕಟ್ಟಿನ ನಾಲ್ಕನೆಯ ಕ್ಷೇತ್ರದಲ್ಲಿ ಸಿಬ್ಬಂದಿಯ ನಿರಂತರತೆಯ ಬಗ್ಗೆ ಒಂದು ಅಂಶವಿದೆಯಾದರೂ ಅದು ನಲವತ್ತರಲ್ಲಿ ಒಂದು. ಒಂದು ವರ್ಷದ ಮಗುವಿಗಾದರೋ ಅದು ನಲವತ್ತರಲ್ಲಿ ಇಪ್ಪತ್ತು. ಬೆಳಗ್ಗೆ ತಾಯಿಯ ತೋಳಿನಿಂದ ಇಳಿದು ಹೋಗಲು ಪರಿಚಿತ ಮುಖವೊಂದು ಬೇಕು, ಆ ಮುಖ ಎರಡು ತಿಂಗಳಿಗೊಮ್ಮೆ ಬದಲಾದರೆ ಉಳಿದೆಲ್ಲ ಅಂಕಗಳೂ ಪೋಷಕರಿಗೆ ಮಾತ್ರ ಸಮಾಧಾನ ಕೊಡುತ್ತವೆ.

ಮನೆಯಲ್ಲಿ ನಡೆಸುವ ಪಾಲನೆ

ಪಾಲಕರೊಬ್ಬರು ತಮ್ಮ ಮನೆಯಲ್ಲೇ ಕೆಲವು ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ಕೇಂದ್ರದೊಡನೆ ಹೋಲಿಸುವಾಗ ಶ್ರೇಣಿಗಳು ಹೆಚ್ಚು ನೆರವಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬರು ಗರಿಷ್ಠ 7 ಮಕ್ಕಳನ್ನು ನೋಡಿಕೊಳ್ಳಬಹುದು, ಅವರಲ್ಲಿ ಶಾಲೆಗೆ ಹೋಗದ ವಯಸ್ಸಿನವರು 4ಕ್ಕಿಂತ ಹೆಚ್ಚಿರುವಂತಿಲ್ಲ. ಆದರೆ ಅಲ್ಲಿ ಶ್ರೇಣಿ ದೊರೆಯುವುದು ಅನೇಕ ಪಾಲಕರನ್ನು ಒಟ್ಟುಗೂಡಿಸಿ ನಡೆಸುವ ಸೇವೆಗೇ ಹೊರತು ಒಬ್ಬೊಬ್ಬ ಪಾಲಕರಿಗಲ್ಲ. ಸೇವೆಗೆ ಒಳ್ಳೆಯ ಶ್ರೇಣಿ ಇದೆಯೆಂದರೆ ನಿಮ್ಮ ಮಗು ಹೋಗುವ ಮನೆಯನ್ನು ಪರೀಕ್ಷಕರು ನೋಡಿದ್ದಾರೆಂದು ಅರ್ಥವಲ್ಲ. ಇಲ್ಲಿ ಸೇವೆಯ ಸಂಯೋಜಕರು ಆ ಮನೆಗೆ ಎಷ್ಟು ಬಾರಿ, ಮುನ್ಸೂಚನೆಯಿಲ್ಲದೆ, ಭೇಟಿ ಕೊಡುತ್ತಾರೆ ಎಂಬ ಪ್ರಶ್ನೆಯೇ ಶ್ರೇಣಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಎರಡರ ನಡುವೆ ಆರಿಸಬೇಕಾಗಿ ಬಂದಾಗ

ಇಷ್ಟನ್ನೂ ಇಟ್ಟುಕೊಂಡು ಕೆಲವು ನಿಜವಾದ ತೊಡಕುಗಳಿಗೆ ಬರೋಣ. ಒಂದು ಕೇಂದ್ರ ‘ಗುಣಮಟ್ಟ ಮೀರಿದೆ’, ಇನ್ನೊಂದು ‘ಗುಣಮಟ್ಟ ತಲುಪಿದೆ’, ಆದರೆ ಮೊದಲನೆಯದರಲ್ಲಿ ಸಿಬ್ಬಂದಿ ಪದೇಪದೇ ಬದಲಾಗುತ್ತಿದ್ದಾರೆ ಎಂದಾದರೆ, ಮಗುವಿನ ವಯಸ್ಸು ಮೂರಕ್ಕಿಂತ ಕಡಿಮೆಯಿದ್ದಲ್ಲಿ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಮಗು ನಾಲ್ಕು ವರ್ಷದ್ದಾಗಿ ಮುಂದಿನ ವರ್ಷ ಶಾಲೆಗೆ ಹೋಗುವುದಿದ್ದರೆ ಶೈಕ್ಷಣಿಕ ಕಾರ್ಯಕ್ರಮದ ಶ್ರೇಣಿಗೆ ಹೆಚ್ಚಿನ ತೂಕ ಕೊಡುವುದು ಸರಿಯಾದೀತು.

ಒಂದು ಕೇಂದ್ರ ‘ಗುಣಮಟ್ಟದತ್ತ ಸಾಗುತ್ತಿದೆ’ ಎಂಬ ಶ್ರೇಣಿಯಲ್ಲಿದ್ದರೆ ಯಾವ ಅಂಶ ತಪ್ಪಿತೆಂದು ನಿರ್ದೇಶಕರನ್ನು ನೇರವಾಗಿ ಕೇಳಿ. ‘ಅಧಿಕಾರಿ ಕಟ್ಟುನಿಟ್ಟಿನವರು’ ಎಂಬ ಉತ್ತರ ಬಂದರೆ ಮುಂದಿನ ಕೇಂದ್ರಕ್ಕೆ ಹೊರಡಬಹುದು. ತಪ್ಪಿದ ಅಂಶ, ಅದನ್ನು ಸರಿಪಡಿಸಿದ ಕ್ರಮ, ಉಳಿದ ಕೆಲಸ ಇವನ್ನು ಬಿಡಿಸಿ ಹೇಳಿ, ಗುಣಮಟ್ಟ ಸುಧಾರಣಾ ಯೋಜನೆಯ ಪ್ರತಿಯನ್ನು ಮುಂದಿಟ್ಟರೆ ಆ ಕೇಂದ್ರ ಪಟ್ಟಿಯಲ್ಲಿ ಉಳಿಯಲು ಅರ್ಹ. ಆಸ್ಟ್ರೇಲಿಯಾದಲ್ಲಿ ಇಂಥ ಯೋಜನೆ ಇಟ್ಟುಕೊಳ್ಳುವುದೂ ಪೋಷಕರು ಕೇಳಿದರೆ ತೋರಿಸುವುದೂ ಕೇಂದ್ರದ ಕರ್ತವ್ಯ. ಆದರೆ ಸತತವಾಗಿ ಎರಡು ಮೂರು ತಪಾಸಣೆಗಳಲ್ಲಿ ಅದೇ ಶ್ರೇಣಿ ಮರುಕಳಿಸಿದ್ದರೆ ಸಾಗುತ್ತಿರುವುದು ಎಲ್ಲಿಗೆ ಎಂದು ಕೇಳುವ ಹಕ್ಕು ಪೋಷಕರಿಗಿದೆ. ಅಲ್ಲಿನ ಸಂಸತ್ತೇ 2025ರಲ್ಲಿ, ಮಾನದಂಡಗಳನ್ನು ಪೂರೈಸದೆ ಹಿಂದೆ ಬೀಳುತ್ತಲೇ ಇರುವ ಕೇಂದ್ರಗಳಿಗೆ ಸಹಾಯಧನ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆ ಅಧಿಕಾರ ಬಳಕೆಯಾದರೆ ಶುಲ್ಕದ ಹೊರೆ ಪೋಷಕರ ಮೇಲೇ ಬೀಳುವುದರಿಂದ, ಇದು ಹಣದ ಲೆಕ್ಕದಲ್ಲೂ ಗಮನಿಸಬೇಕಾದ ಸಂಗತಿ.

ಇನ್ನುಳಿದದ್ದು ಶ್ರೇಣಿಯೇ ಇಲ್ಲದ ಹೊಸ ಕೇಂದ್ರ. ಅದರ ಗೋಡೆಯ ಮೇಲೆ ಪರವಾನಗಿ ಮತ್ತು ‘ಇನ್ನೂ ಮೌಲ್ಯಮಾಪನವಾಗಿಲ್ಲ’ ಎಂಬ ಟಿಪ್ಪಣಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಅದೇ ಸಂಸ್ಥೆ ನಡೆಸುವ ಬೇರೆ ಕೇಂದ್ರಗಳಿದ್ದರೆ ಅವುಗಳ ಏಳೂ ಕ್ಷೇತ್ರಗಳ ಶ್ರೇಣಿಗಳನ್ನು ಓದಿ. ಆಡಳಿತದ ದೌರ್ಬಲ್ಯ ಒಂದು ಕಡೆ ಇದ್ದರೆ ಇನ್ನೊಂದು ಕಡೆಗೂ ಬಂದಿರುವ ಸಾಧ್ಯತೆ ಹೆಚ್ಚು. ಆಮೇಲೆ ಎರಡು ಬಾರಿ ಭೇಟಿ ಕೊಡಿ, ಒಮ್ಮೆ ಅವರು ಹೇಳಿದ ಹೊತ್ತಿಗೆ, ಇನ್ನೊಮ್ಮೆ ಸಂಜೆ ಐದೂವರೆಯ ಸುಮಾರಿಗೆ, ಮಕ್ಕಳೂ ಸಿಬ್ಬಂದಿಯೂ ದಣಿದು ಕೊಠಡಿಗಳನ್ನು ಒಂದುಗೂಡಿಸುವ ಸಮಯಕ್ಕೆ. ಆ ಹೊತ್ತಿನಲ್ಲಿ ಅಳುತ್ತಿರುವ ಮಗುವಿನ ಎತ್ತರಕ್ಕೆ ಯಾರಾದರೂ ಬಗ್ಗುತ್ತಾರೆಯೇ, ಎಷ್ಟು ಹೊತ್ತಿಗೆ ಬಗ್ಗುತ್ತಾರೆ ಎಂದು ಗಡಿಯಾರ ನೋಡಿ ಗುರುತು ಹಾಕಿಕೊಂಡು, ಅದೇ ಹೊತ್ತಿಗೆ ಶ್ರೇಣಿಯಿರುವ ಇನ್ನೊಂದು ಕೇಂದ್ರಕ್ಕೂ ಹೋಗಿ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.